ರೆಸಿನ್ ಎರಕದಲ್ಲಿ ಗಾಳಿಗುಳ್ಳೆ



ಸುಲೇಪೇಟದ ಸುತ್ತಲಿನ ತೊಗರಿ ಹೊಲಗಳಲ್ಲಿ ಹುಳು ಕೊರೆದ ಕಾಯಿಯನ್ನು ನೀವು ಕಂಡಿರಬಹುದು. ಹೊರಗೆ ದುಂಡಗಿನ ಒಂದು ತೂತು, ಒಳಗೆ ಕಾಳಿಲ್ಲ. ಅಂಥ ಒಣಗಿದ ಕಾಯಿಯೊಂದನ್ನು ಶಾಲೆಯ ವಸ್ತುಪ್ರದರ್ಶನಕ್ಕಾಗಿ ಪಾರದರ್ಶಕ ಎಪಾಕ್ಸಿ ರೆಸಿನ್‌ನಲ್ಲಿ ಹುದುಗಿಸಿಡಲು ಹೊರಟಿರಿ ಎಂದುಕೊಳ್ಳಿ. ಸುರಿದಾಗ ಎಲ್ಲವೂ ತಿಳಿಯಾಗಿತ್ತು. ಮರುದಿನ ಅಚ್ಚು ಬಿಚ್ಚಿದರೆ ತೂತಿನ ಬಾಯಿಗೇ ದೊಡ್ಡದೊಂದು ಗುಳ್ಳೆ, ಸುತ್ತಲೂ ಸಾಸಿವೆ ಚೆಲ್ಲಿದಂತೆ ಸಣ್ಣ ಗುಳ್ಳೆಗಳು! ಗಟ್ಟಿಯಾದ ಎಪಾಕ್ಸಿಯನ್ನು ಮೇಣದಂತೆ ಕರಗಿಸಿ ಮತ್ತೆ ಹೊಯ್ಯಲು ಬರುವುದಿಲ್ಲ. ಶ್ರಮವೂ ಹೋಯಿತು, ಮಾದರಿಯೂ ಹೋಯಿತು. ಈ ಗಾಳಿ ಎಲ್ಲಿಂದ ಬಂತು? ಹೊರಗೇಕೆ ಹೋಗಲಿಲ್ಲ?

ಗಾಳಿ ಬರುವ ಮುಖ್ಯ ದಾರಿಗಳು ಎರಡು. ರೆಸಿನ್‌ಗೆ ಹಾರ್ಡನರ್ ಬೆರೆಸಿ ಮಜ್ಜಿಗೆ ಕಡೆದಂತೆ ಕಡೆದರೆ ಗಾಳಿ ಸೇರುತ್ತದೆ. ಇನ್ನು ತೊಗರಿ ಕಾಯಿಯ ಒಳಗೆ ಪೊಳ್ಳಿದೆ, ಸಿಪ್ಪೆಯ ಮೇಲೆ ನವಿರಾದ ರೋಮಗಳಿವೆ. ಅಲ್ಲೆಲ್ಲ ಅಡಗಿದ ಗಾಳಿ ಮೆಲ್ಲಗೆ ಹೊರಬರುತ್ತದೆ.

ಹೊರಬಂದ ಗುಳ್ಳೆ ಮೇಲೇರಿ ಒಡೆಯಬೇಕು. ಅದರ ವೇಗವನ್ನು ತಿಳಿಸುವ ನಿಯಮವನ್ನು ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದರು. ದ್ರವ ಮಂದವಾದಷ್ಟೂ ಗುಳ್ಳೆ ನಿಧಾನ. ವ್ಯಾಸ ಹತ್ತರಲ್ಲೊಂದು ಪಾಲಾದರೆ ವೇಗ ನೂರರಲ್ಲೊಂದು ಪಾಲಾಗುತ್ತದೆ. ನೀರಿಗಿಂತ 1000 ಪಟ್ಟು ಮಂದವಾದ ರೆಸಿನ್‌ನಲ್ಲಿ 1 ಮಿಲಿಮೀಟರ್ ಗುಳ್ಳೆ 3 ಸೆಂಟಿಮೀಟರ್ ಏರಲು ಸುಮಾರು ಒಂದು ನಿಮಿಷ ಸಾಕು. 0.1 ಮಿಲಿಮೀಟರ್ ಗುಳ್ಳೆಗಾದರೋ ಸುಮಾರು ಒಂದೂವರೆ ಗಂಟೆ ಬೇಕು! ಅನೇಕ ಎಪಾಕ್ಸಿಗಳು ಬೆರೆಸಿದ ಅರ್ಧ ಗಂಟೆಯಲ್ಲೇ ಇನ್ನಷ್ಟು ಮಂದವಾಗತೊಡಗುತ್ತವೆ. ಸಣ್ಣ ಗುಳ್ಳೆ ಸಿಕ್ಕಿಬೀಳುವುದು ಹೀಗೆ. ಆದುದರಿಂದ ಗುಳ್ಳೆಯನ್ನು ಓಡಿಸುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದೇ ಸುಲಭ.

ಮೊದಲು ಕಾಯಿಯನ್ನು ಚೆನ್ನಾಗಿ ಒಣಗಿಸಿ. ಅದಕ್ಕೆ ರೆಸಿನ್‌ನ ತೆಳು ಲೇಪ ಹಚ್ಚಿ, ತೂತಿನೊಳಗೂ ತುಂಬಿ, ಗಟ್ಟಿಯಾಗಲು ಬಿಡಿ. ಅಡಗಿದ ಗಾಳಿಗೆ ದಾರಿ ಮುಚ್ಚುತ್ತದೆ. ಅಚ್ಚಿಗೆ ಹೊಯ್ಯುವಾಗ ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ಬೆರೆಸಿ, ಕಡ್ಡಿಯನ್ನು ಮೇಲೆತ್ತದೆ ನಿಧಾನವಾಗಿ ತಿರುಗಿಸಿ. ತುಸು ಎತ್ತರದಿಂದ ನೂಲಿನಂಥ ಸಣ್ಣ ಧಾರೆಯಾಗಿ ಅಚ್ಚಿನ ಒಂದೇ ಮೂಲೆಗೆ ಸುರಿಯಿರಿ. ಧಾರೆ ತೆಳುವಾದಾಗ ಅದರೊಳಗಿನ ಗುಳ್ಳೆಗಳು ಹಿಗ್ಗಿ ಒಡೆಯುತ್ತವೆ. ಒಮ್ಮೆಗೇ ತುಂಬದೆ ಪದರ ಪದರವಾಗಿ ಹೊಯ್ದರೆ ಗುಳ್ಳೆ ಏರಬೇಕಾದ ದೂರ ಕಡಿಮೆಯಾಗುತ್ತದೆ.

ಚಳಿಗಾಲದಲ್ಲಿ ರೆಸಿನ್ ಬಾಟಲಿಯನ್ನು ಮುಚ್ಚಳ ಬಿಗಿದು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಅದು ತೆಳುವಾಗುತ್ತದೆ. ಆದರೆ ಕಲಬುರಗಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿ ಹೆಚ್ಚಾದರೆ ರೆಸಿನ್ ಬೇಗ ಗಟ್ಟಿಯಾಗಿ ಗುಳ್ಳೆಗೆ ಸಮಯವೇ ಸಿಗದು. ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಲೇಸು.

ಕಾರ್ಖಾನೆಗಳಲ್ಲಿ ನಿರ್ವಾತ ಪಂಪನ್ನು ಬಳಸುತ್ತಾರೆ. ಒತ್ತಡವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಬಾಯ್ಲನ ನಿಯಮದಂತೆ ಗುಳ್ಳೆಯ ಗಾತ್ರ ಹತ್ತು ಪಟ್ಟಾಗುತ್ತದೆ. ವ್ಯಾಸ ಎರಡು ಪಟ್ಟು ಮೀರುತ್ತದೆ, ಏರುವ ವೇಗ ನಾಲ್ಕು ಪಟ್ಟು ಮೀರುತ್ತದೆ. ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, ಸುರಿದ ಮೇಲೆ ಒತ್ತಡ ಹೆಚ್ಚಿಸಿ, ಗಟ್ಟಿಯಾಗುವವರೆಗೂ ಹಾಗೆಯೇ ಇಡುತ್ತಾರೆ. ಗುಳ್ಳೆ ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ.

ಗಾಳಿ ಕೆಡಿಸುವುದು ಅಂದವನ್ನು ಮಾತ್ರವಲ್ಲ. ವಾಡಿ, ಸೇಡಂಗಳ ಸಿಮೆಂಟಿನಿಂದ ಮನೆಗೆ ಛತ್ತು ಹಾಕುವಾಗ ವೈಬ್ರೇಟರ್ ಗುಂಯ್‌ಗುಡುವುದನ್ನು ಕೇಳಿರುತ್ತೀರಿ. ಅದು ಕಾಂಕ್ರೀಟಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸುತ್ತದೆ. ನೂರರಲ್ಲಿ ಐದು ಪಾಲು ಪೊಳ್ಳು ಉಳಿದರೂ ಕಾಂಕ್ರೀಟಿನ ಬಲ ಸುಮಾರು ಶೇಕಡಾ 30ರಷ್ಟು ಕುಗ್ಗಬಹುದು. ರೆಸಿನ್‌ಗೆ ಅಷ್ಟು ನಡುಕ ಬೇಡ. ಅಚ್ಚಿನ ಗೋಡೆಗೆ ಅಂಟಿದ ಗುಳ್ಳೆ ಬಿಡಲು ಮೆಲ್ಲಗೆ ತಟ್ಟಿದರೆ ಸಾಕು.

ಕೊನೆಗೊಂದು ಮಾತು. ಕೈಗವಸು ತೊಟ್ಟು, ಗಾಳಿಯಾಡುವ ಜಾಗದಲ್ಲಿ, ಅಧ್ಯಾಪಕರ ಎದುರಿನಲ್ಲೇ ಈ ಕೆಲಸ ಮಾಡಿ. ಮೊದಲು ಖಾಲಿ ಅಚ್ಚಿಗೆ ನಾಲ್ಕು ಚಮಚ ರೆಸಿನ್ ಹೊಯ್ದು ನೋಡಿ. ಅದು ತಿಳಿಯಾಗಿ ಬಂದ ಮೇಲೆ ಕಾಯಿಯನ್ನು ಇಡಿ. ಮುಂದಿನ ವರ್ಷದ ವಿದ್ಯಾರ್ಥಿಗಳೂ ಆ ತೂತನ್ನು ಸ್ಪಷ್ಟವಾಗಿ ಕಾಣುವಂತಾಗಲಿ.