ನಡೆಯದ ಮಗುವಿನ ಮೂಳೆ ಮುರಿಯುವುದಿಲ್ಲವೇ?

ಮೆದುಳಿನ ಹಾನಿಯಿಂದ ಚಲನೆ ಕುಂಠಿತವಾಗುವ ಸೆರೆಬ್ರಲ್ ಪಾಲ್ಸಿ ತೀವ್ರವಾಗಿದ್ದು ನಡೆಯಲಾಗದ ಮಗು ಓಡುವುದಿಲ್ಲ, ಮರ ಹತ್ತುವುದಿಲ್ಲ, ಸೈಕಲ್ಲಿನಿಂದ ಬೀಳುವುದಿಲ್ಲ. ಬೀಳದ ಮಗುವಿನ ಮೂಳೆಗೆ ಏನಾದೀತು ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಸತ್ಯ ಇದಕ್ಕೆ ತದ್ವಿರುದ್ಧ. ಉತ್ತರ ಅಮೆರಿಕದಲ್ಲಿ ಸೆರೆಬ್ರಲ್ ಪಾಲ್ಸಿ ಮಧ್ಯಮದಿಂದ ತೀವ್ರ ಪ್ರಮಾಣದಲ್ಲಿದ್ದ 117 ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 77ರಷ್ಟು ಮಕ್ಕಳ ತೊಡೆಮೂಳೆಯ ಸಾಂದ್ರತೆ ವಯಸ್ಸಿಗೆ ಇರಬೇಕಾದುದಕ್ಕಿಂತ ತೀರಾ ಕಡಿಮೆಯಿತ್ತು. 9 ವರ್ಷ ದಾಟಿದ, ನಿಲ್ಲಲಾಗದ ಮಕ್ಕಳಲ್ಲಂತೂ ಈ ಪ್ರಮಾಣ ಶೇ. 97. ಹತ್ತು ವರ್ಷ ದಾಟಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಗಲೇ ಮೂಳೆ ಮುರಿದಿತ್ತು.

ಕಾರಣ ಮೂಳೆಯ ಸ್ವಭಾವದಲ್ಲೇ ಇದೆ. ಭಾರ ಬಿದ್ದಲ್ಲಿ ಮೂಳೆ ಗಟ್ಟಿಯಾಗುತ್ತದೆ, ಭಾರವಿಲ್ಲದಲ್ಲಿ ಸವೆಯುತ್ತದೆ. ಜರ್ಮನಿಯ ಶಸ್ತ್ರಚಿಕಿತ್ಸಕ ಜೂಲಿಯಸ್ ವುಲ್ಫ್ 1892ರಲ್ಲೇ ಇದನ್ನು ನಿಯಮವಾಗಿ ಮಂಡಿಸಿದ್ದ. ನಿಲ್ಲದ, ನಡೆಯದ ಮಗುವಿನ ಕಾಲಿನ ಮೂಳೆ ಬೆಳೆದರೂ ತೆಳುವಾಗಿಯೇ ಉಳಿಯುತ್ತದೆ. ಹಾಗಾಗಿ ಮುರಿತಕ್ಕೆ ದೊಡ್ಡ ಪೆಟ್ಟು ಬೇಕಿಲ್ಲ. ಡೈಪರ್ ಬದಲಿಸಲು ಕಾಲು ಅಗಲಿಸಿದಾಗ, ಮಡಚಿ ಬಿಗಿದ ಮೊಣಕಾಲಿಗೆ ಚಡ್ಡಿ ಎಳೆದು ತೊಡಿಸುವಾಗ, ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ ಕಾಲು ತಿರುಚಿದರೂ ಸಾಕು. ಹೆಚ್ಚಾಗಿ ಮುರಿಯುವುದು ಮೊಣಕಾಲಿನ ತುಸು ಮೇಲೆ, ತೊಡೆಮೂಳೆಯ ಕೆಳತುದಿಯಲ್ಲಿ.

‘ದಿನಾ ರಾಗಿ ಗಂಜಿ ಕುಡಿಸುತ್ತೇವಲ್ಲ’ ಎನ್ನುವವರಿದ್ದಾರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ನುಂಗಲು ಕಷ್ಟವೆಂದು ನೀರಾಗಿಸಿದ ಒಂದು ಲೋಟ ಗಂಜಿಯಲ್ಲಿ 20 ಗ್ರಾಂ ಹಿಟ್ಟಿದ್ದರೆ ಸಿಗುವುದು 70 ಮಿಲಿಗ್ರಾಂ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 650. ಆ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ ಬೇಕು, ಮನೆಯೊಳಗೇ ಇರುವ ಮಗುವಿಗೆ ಬಿಸಿಲು ಕಡಿಮೆ. ಸಾಲದ್ದಕ್ಕೆ, ಫಿಟ್ಸ್ ಕೂಡ ಇರುವ ಮಕ್ಕಳಿಗೆ ಕೊಡುವ ಫಿನೋಬಾರ್ಬಿಟೋನ್, ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಫಿಟ್ಸ್ ಮಾತ್ರೆಗಳು ಯಕೃತ್ತಿನಲ್ಲಿ ವಿಟಮಿನ್ ಡಿ ಬೇಗ ಕರಗಿಹೋಗುವಂತೆ ಮಾಡುತ್ತವೆ. ಹಾಗೆಂದು ಮಾತ್ರೆ ನಿಲ್ಲಿಸಬಾರದು. ಫಿಟ್ಸ್ ಮರುಕಳಿಸಿದರೆ ಜೀವಕ್ಕೇ ಅಪಾಯ, ಆ ಸೆಳೆತದಲ್ಲೂ ಮೂಳೆ ಮುರಿಯಬಹುದು. ರಕ್ತಪರೀಕ್ಷೆ ಮಾಡಿಸಿ, ಕೊರತೆಯಿದ್ದರೆ ವೈದ್ಯರು ಹೇಳಿದಷ್ಟು ವಿಟಮಿನ್ ಡಿ ಕೊಡುವುದೇ ಸರಿದಾರಿ.

ಹಾಗಾದರೆ ಮಗುವನ್ನು ಮುಟ್ಟದೆ ಮಲಗಿಸಿಬಿಡುವುದು ಕ್ಷೇಮವಲ್ಲವೇ? ಅಲ್ಲ. ಮಲಗಿಸಿದಷ್ಟೂ ಮೂಳೆ ಇನ್ನಷ್ಟು ಸವೆಯುತ್ತದೆ; ಮುರಿತಕ್ಕೆ ಹಾಕಿದ ಪ್ಲಾಸ್ಟರ್ ಬಿಚ್ಚಿದ ಮೇಲೆ ಮತ್ತೆ ಮುರಿಯುವ ಭಯವಿರುವುದೂ ಇದೇ ಕಾರಣಕ್ಕೆ. ಆದರೆ ಚೌಕಟ್ಟಿನ ಆಸರೆಯಲ್ಲಿ ನಿಲ್ಲಿಸಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬುದೂ ಅತಿಯಾದ ಭರವಸೆ. ಬ್ರಿಟನ್ನಿನಲ್ಲಿ ಇಂಥ 26 ಮಕ್ಕಳ ಮೇಲೆ ನಡೆದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಿಲ್ಲುವ ಅವಧಿಯನ್ನು ಅರ್ಧದಷ್ಟು ಹೆಚ್ಚಿಸಿದಾಗ ಬೆನ್ನುಮೂಳೆಯ ಸಾಂದ್ರತೆ ಸುಮಾರು ಶೇ. 6 ಏರಿತು, ಮೊಣಕಾಲ ಕೆಳಗಿನ ಮೂಳೆಯಲ್ಲಿ ಏರಿಕೆ ಕಾಣಲಿಲ್ಲ. ಎಣ್ಣೆ ನೀವಿದರೆ ಮಗುವಿಗೆ ಹಿತವೆನಿಸಬಹುದು, ಮೂಳೆ ಗಟ್ಟಿಯಾಗದು. ಪಾಮಿಡ್ರೊನೇಟ್ ಎಂಬ ಔಷಧ ಪಡೆದ ಮಕ್ಕಳಲ್ಲಿ ತೊಡೆಮೂಳೆಯ ಕೆಳತುದಿಯ ಸಾಂದ್ರತೆ 18 ತಿಂಗಳಲ್ಲಿ ಶೇ. 89 ಏರಿದ್ದನ್ನೂ, ಪಡೆಯದವರಲ್ಲಿ ಶೇ. 9 ಮಾತ್ರ ಏರಿದ್ದನ್ನೂ 2002ರ ಇನ್ನೊಂದು ಅಧ್ಯಯನ ತೋರಿಸಿತು. ಆದರೆ ಅಲ್ಲಿದ್ದದ್ದು ಬೆರಳೆಣಿಕೆಯ ಮಕ್ಕಳು. ಆದ್ದರಿಂದ ಇದು ಎಲ್ಲರಿಗೂ ಕೊಡುವ ಔಷಧವಲ್ಲ. ಸಾಮಾನ್ಯವಾಗಿ ಮೂಳೆ ಮುರಿದ ಇತಿಹಾಸವಿರುವವರಿಗೆ, ವಿಟಮಿನ್ ಡಿ ಕೊರತೆ ನೀಗಿಸಿದ ಮೇಲೆ, ತಜ್ಞರು ಕೊಡುವಂಥದ್ದು.

ಮಾತು ಬಾರದ ಮಗು ನೋವನ್ನು ಹೇಳಿಕೊಳ್ಳಲಾರದು. ಬಟ್ಟೆ ಬದಲಿಸುವಾಗ ಇದ್ದಕ್ಕಿದ್ದಂತೆ ಚೀರಿದರೆ, ಮೊಣಕಾಲಿನ ಮೇಲೆ ಊದಿ ಬಿಸಿಯಾಗಿದ್ದರೆ, ಅದನ್ನು ಉಳುಕೆಂದು ತಿಕ್ಕಿಸಬೇಡಿ, ಎಳೆಸಬೇಡಿ; ಕಾಲು ಅಲುಗದಂತೆ ಆಧಾರ ಕೊಟ್ಟು ಎಕ್ಸ್‌-ರೇ ತೆಗೆಸಿ. ಮುರಿಯುವವರೆಗೂ ಕಾಯದೆ, ಮುಂದಿನ ಸಲ ನರರೋಗ ತಜ್ಞರನ್ನು ಕಂಡಾಗ ಫಿಟ್ಸ್ ಬಗ್ಗೆ ಕೇಳುವಂತೆಯೇ ಮಗುವಿನ ಮೂಳೆಯ ಬಗ್ಗೆಯೂ ಕೇಳಿ.