ಹಳೆಯ ಕಾರಿಗೆ ಹೊಸ ಬ್ರೇಕ್ ಡಿಸ್ಕ್: ಕೊಳ್ಳುವವರೂ ತಯಾರಿಸುವವರೂ ಗಮನಿಸಬೇಕಾದ ಅಂಶಗಳು

ಬ್ರಿಟನ್ನಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ 'ಎಂಜಿಬಿ' ಎಂಬ ಪುಟ್ಟ ಸ್ಪೋರ್ಟ್ಸ್ ಕಾರುಗಳ ಸಂಖ್ಯೆ ಐದು ಲಕ್ಷವನ್ನು ಮೀರುತ್ತದೆ. ತಯಾರಿಕೆ ನಿಂತು ನಾಲ್ಕು ದಶಕಗಳು ಕಳೆದಿದ್ದರೂ ಬ್ರಿಟನ್, ಅಮೆರಿಕಗಳ ರಸ್ತೆಗಳಲ್ಲಿ ಅವು ಇಂದಿಗೂ ಓಡುತ್ತಿವೆ. ಈ ಕಾರಿನ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರುವ ಕಾರ್ಯ 1988ರಲ್ಲಿಯೇ ಆರಂಭವಾಯಿತೆಂದರೆ ಹಳೆಯ ಕಾರುಗಳ ಬಿಡಿಭಾಗಗಳಿಗೆ ಇರುವ ಬೇಡಿಕೆಯನ್ನು ಊಹಿಸಬಹುದು. ಬಾಡಿಯನ್ನು ಬದಲಾಯಿಸುವವರು ಕೆಲವರೇ. ಆದರೆ ಸವೆದ ಬ್ರೇಕ್ ಡಿಸ್ಕನ್ನು ಎಲ್ಲರೂ ಒಂದಲ್ಲ ಒಂದು ದಿನ ಬದಲಾಯಿಸಲೇಬೇಕು. ಫೌಂಡ್ರಿ ಉದ್ಯಮಕ್ಕೆ ಹೆಸರಾದ ಬೆಳಗಾವಿಯಂತಹ ನಗರವಿರುವ ನಮ್ಮ ರಾಜ್ಯದ ಉದ್ಯಮಿಗಳು ಈ ವಸ್ತುವಿನ ಗುಣದೋಷಗಳನ್ನು ಅರಿತಿರುವುದು ಸೂಕ್ತ.

ಡಿಸ್ಕ್ ಬ್ರೇಕಿಗೆ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲಾಂಚೆಸ್ಟರ್ 1902ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಅದರ ಸಾಮರ್ಥ್ಯ ಜಗತ್ತಿನ ಗಮನ ಸೆಳೆದದ್ದು ಮಾತ್ರ 1953ರ ಲ ಮಾನ್ಸ್ ಸ್ಪರ್ಧೆಯಲ್ಲಿ ಜಾಗ್ವಾರ್ ಗೆದ್ದಾಗ. 1955ರ ಸಿಟ್ರೊಯೆನ್ ಡಿಎಸ್ ಮತ್ತು 1956ರ ಟ್ರಯಂಫ್ ಟಿಆರ್3 ಕಾರುಗಳ ಮೂಲಕ ಅದು ಸಾಮಾನ್ಯ ರಸ್ತೆಗೆ ಇಳಿಯಿತು. ನಮ್ಮ ಅಂಬಾಸಿಡರ್, ಪದ್ಮಿನಿಗಳು ಬಹುಕಾಲ ಡ್ರಮ್ ಬ್ರೇಕನ್ನೇ ನೆಚ್ಚಿಕೊಂಡಿದ್ದವು.

ಬ್ರೇಕ್ ಮಾಡುವ ಕೆಲಸವೆಂದರೆ ವೇಗವನ್ನು ಶಾಖವಾಗಿ ಪರಿವರ್ತಿಸುವುದು. ಇಬ್ಬರು ಕುಳಿತ ಎಂಜಿಬಿಯ ತೂಕ 1,100 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಗಂಟೆಗೆ 80 ಕಿಲೋಮೀಟರ್ ವೇಗದಿಂದ ಅದನ್ನು ಪೂರ್ತಿಯಾಗಿ ನಿಲ್ಲಿಸಿದರೆ ಸುಮಾರು 270 ಕಿಲೋಜೌಲ್ ಶಾಖ ಹುಟ್ಟುತ್ತದೆ. ಅದರ ಶೇಕಡಾ 70ರಷ್ಟನ್ನು ಮುಂದಿನ ಚಕ್ರಗಳೇ ಹೊರುತ್ತವೆಂದು ಎಣಿಸಿದರೆ ಒಂದೊಂದು ಡಿಸ್ಕಿಗೆ 95 ಕಿಲೋಜೌಲ್ ಬರುತ್ತದೆ. ಡಿಸ್ಕಿನ ತೂಕ 4 ಕಿಲೋಗ್ರಾಂ ಆಗಿದ್ದಲ್ಲಿ ಒಮ್ಮೆ ನಿಲ್ಲಿಸುವುದರಿಂದಲೇ ಅದರ ಉಷ್ಣತೆ ಸುಮಾರು 50 ಡಿಗ್ರಿ ಏರುತ್ತದೆ. ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಮಡಿಯಾಗುತ್ತದೆ. ಘಾಟಿಯ ಇಳಿಜಾರಿನಲ್ಲಿ ಆರುವುದಕ್ಕೆ ಬಿಡುವಿಲ್ಲದಂತೆ ಹತ್ತಾರು ಬಾರಿ ಬ್ರೇಕ್ ಒತ್ತಿದರೆ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಆದುದರಿಂದ ಡಿಸ್ಕಿನಲ್ಲಿರುವ ಲೋಹದ ತೂಕ ವ್ಯರ್ಥವಲ್ಲ. ಅದೇ ಶಾಖವನ್ನು ಹಿಡಿದಿಡುವ ಉಗ್ರಾಣ. ಬೆಲೆ ಇಳಿಸುವುದಕ್ಕಾಗಿ ತೂಕ ಕಡಿಮೆ ಮಾಡಿದ ಡಿಸ್ಕನ್ನು ತಕ್ಕಡಿಯೊಂದೇ ಪತ್ತೆಹಚ್ಚಬಲ್ಲದು. ಹಳೆಯ ಡಿಸ್ಕ್ ಸವೆದಿರುವುದರಿಂದ ಹೋಲಿಕೆಯನ್ನು ಮತ್ತೊಂದು ಹೊಸ ಡಿಸ್ಕಿನೊಡನೆ ಮಾಡಬೇಕು.

ಲೋಹದ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಸುಲಭವಾಗಿ ಮೂಡುತ್ತದೆ. ಎಸ್.ಜಿ. ಐರನ್ ಹೆಚ್ಚು ಗಟ್ಟಿಯಾದುದರಿಂದ ಡಿಸ್ಕಿಗೂ ಅದೇ ಮೇಲೆಂದು ತೋರುವುದು ಸಹಜ. ವಾಸ್ತವದಲ್ಲಿ ಸಾಧಾರಣವಾದ ಗ್ರೇ ಕಾಸ್ಟ್ ಐರನ್ನೇ ಇಲ್ಲಿ ಶ್ರೇಷ್ಠ. ಅದರೊಳಗಿನ ಗ್ರಾಫೈಟ್ ಪದರಗಳು ಶಾಖವನ್ನು ಬೇಗನೆ ಹರಡುತ್ತವೆ, ಕಂಪನವನ್ನೂ ಕಿರುಗುಟ್ಟುವ ಸದ್ದನ್ನೂ ಅಡಗಿಸುತ್ತವೆ. ಎಸ್.ಜಿ. ಐರನ್ನಿನಲ್ಲಿ ಗ್ರಾಫೈಟ್ ಗುಂಡಾಗಿರುವುದರಿಂದ ಶಾಖವಾಹಕತೆ ಸ್ಪಷ್ಟವಾಗಿ ಕಡಿಮೆ. ಸ್ಟೇನ್‌ಲೆಸ್ ಸ್ಟೀಲ್ ಮೋಟಾರ್‌ಸೈಕಲ್ಲುಗಳಿಗೆ ಹೊಂದಿದರೂ ಹಳೆಯ ಕಾರಿಗೆ ಹೊಂದದು. ಎರಕ ಹೊಯ್ದ ಬಳಿಕ ಒಳಗೆ ಉಳಿಯುವ ಒತ್ತಡವನ್ನು ಕಾಯಿಸಿ ನಿಧಾನವಾಗಿ ಆರಿಸಿ ಕಳೆಯದಿದ್ದರೆ, ಲೇತಿನಲ್ಲಿ ನೇರವಾಗಿದ್ದ ಡಿಸ್ಕ್ ರಸ್ತೆಯಲ್ಲಿ ಕಾದಾಗ ಸೊಟ್ಟಗಾಗುವ ಸಂಭವವಿದೆ.

ಇನ್ನು ತೂತು ಕೊರೆದ ಮತ್ತು ಗೀರು ತೆಗೆದ ಡಿಸ್ಕುಗಳ ಮಾತು. ಹಿಂದಿನ ಕಾಲದ ಪ್ಯಾಡುಗಳು ಕಾದಾಗ ಹೊರಸೂಸುತ್ತಿದ್ದ ಅನಿಲಕ್ಕೆ ದಾರಿ ಮಾಡಿಕೊಡಲು ಇವು ಬಂದವು. ಇಂದಿನ ಪ್ಯಾಡುಗಳಲ್ಲಿ ಆ ತೊಂದರೆ ಬಹುಮಟ್ಟಿಗೆ ಇಲ್ಲ. ತೂತು ಕೊರೆದಷ್ಟೂ ಲೋಹ ಕಡಿಮೆಯಾಗುತ್ತದೆ. ಕಾದು ಆರುವ ಪ್ರತಿ ಸುತ್ತಿನಲ್ಲಿಯೂ ತೂತಿನ ಅಂಚಿನಿಂದಲೇ ಬಿರುಕು ಆರಂಭವಾಗುತ್ತದೆ. ಗೀರುಗಳಿಂದ ಅಂತಹ ಅಪಾಯ ಕಡಿಮೆಯಾದರೂ ಪ್ಯಾಡ್ ಬೇಗ ಸವೆಯುತ್ತದೆ. ಚಕ್ರದ ಸಂದಿಯಿಂದ ಕಾಣುವ ಅಂದಕ್ಕೆ ಹೆಚ್ಚಿನ ಬೆಲೆ ತೆರುವವರು ಇದ್ದಾರೆ, ಮಾರುವವರನ್ನು ದೂರಲಾಗದು. ಆದರೆ ಭಾನುವಾರದಂದು ಹೊರತೆಗೆಯುವ ಹಳೆಯ ಕಾರಿಗೆ ಮೂಲ ಅಳತೆಯ, ಸಾದಾ ಡಿಸ್ಕೇ ತಕ್ಕದ್ದೆಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಅಳತೆಯಲ್ಲಿ ವ್ಯಾಸವೊಂದೇ ಸಾಲದು. ಎಂಜಿಬಿಯ ಡಿಸ್ಕಿನ ವ್ಯಾಸ 10.75 ಇಂಚು, ಅಂದರೆ 273 ಮಿಲಿಮೀಟರ್. ದಪ್ಪ 9 ಮಿಲಿಮೀಟರಿಗೂ ತುಸು ಕಡಿಮೆ. ಇಷ್ಟು ತೆಳುವಾದ ಡಿಸ್ಕನ್ನು ಮತ್ತೆ ಮತ್ತೆ ಲೇತಿಗೆ ಕೊಟ್ಟು ಸವರಿಸುವುದರಲ್ಲಿ ಅರ್ಥವಿಲ್ಲ. ಉಳಿಯಬೇಕಾದ ಕನಿಷ್ಠ ದಪ್ಪವನ್ನು ತಯಾರಕರು ಡಿಸ್ಕಿನ ಮೇಲೆಯೇ ಮೂಡಿಸಿದ್ದರೆ ಮೆಕ್ಯಾನಿಕ್‌ಗೆ ಸಂದೇಹ ಉಳಿಯದು. ಸುತ್ತಲೂ ಎಂಟು ಕಡೆ ಮೈಕ್ರೋಮೀಟರ್ ಹಿಡಿದು ನೋಡಿದಾಗ ದಪ್ಪದಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಏರಿಳಿತವಿದ್ದರೂ ಪೆಡಲಿನಲ್ಲಿ ನಡುಕ ಕಾಣಿಸಿಕೊಳ್ಳಬಹುದು.

ಜೋಡಣೆಯಲ್ಲಿ ಆಗುವ ತಪ್ಪು ಎಷ್ಟೋ ವೇಳೆ ತಯಾರಕನ ತಲೆಗೆ ಬರುತ್ತದೆ. ಎಂಜಿಬಿಯಲ್ಲಿ ಡಿಸ್ಕನ್ನು ಹಬ್‌ಗೆ ಬೋಲ್ಟುಗಳಿಂದ ಬಿಗಿಯಲಾಗಿದ್ದು, ಹಬ್ ಬಿಚ್ಚದೆ ಡಿಸ್ಕ್ ಕೈಗೆ ಬರುವುದಿಲ್ಲ. ಹಬ್‌ನ ಮುಖದಲ್ಲಿ ತುಕ್ಕಿನ ಒಂದು ಕಣ ಉಳಿದರೂ ಅಂಚಿನಲ್ಲಿ ಡಿಸ್ಕ್ ಓಲಾಡುತ್ತದೆ. ಈ ಓಲಾಟ ಸಾಮಾನ್ಯವಾಗಿ 0.1 ಮಿಲಿಮೀಟರಿನೊಳಗೆ ಇರಬೇಕು. ಶಿಮ್ಮುಗಳ ಮೂಲಕ ಬೇರಿಂಗಿನ ಸಡಿಲವನ್ನು ಸರಿಪಡಿಸಿದ ಮೇಲೆಯೇ ಡಯಲ್ ಗೇಜ್ ಇಡಬೇಕು. ಇಲ್ಲವಾದರೆ ಬೇರಿಂಗಿನ ದೋಷ ಡಿಸ್ಕಿನ ದೋಷವಾಗಿ ತೋರಿ, ಒಳ್ಳೆಯ ಮಾಲು ಹಿಂದಿರುಗಿ ಬರುತ್ತದೆ.

ರಫ್ತಿನ ದೃಷ್ಟಿಯಿಂದ ಇನ್ನೊಂದು ಸಂಗತಿ. ಬದಲಿ ಬ್ರೇಕ್ ಭಾಗಗಳಿಗೆ ಸಂಬಂಧಿಸಿದ ವಿಶ್ವಸಂಸ್ಥೆಯ 90ನೆಯ ನಿಯಮವು ಮೊದಲು ಪ್ಯಾಡ್, ಲೈನಿಂಗುಗಳಿಗೆ ಸೀಮಿತವಾಗಿದ್ದು ನಂತರ ಡಿಸ್ಕುಗಳಿಗೂ ವಿಸ್ತರಿಸಿತು. ಯುರೋಪಿನಲ್ಲಿ 2016ರ ನವೆಂಬರ್‌ನಿಂದ ಅನುಮೋದನೆ ಪಡೆದ ಮಾದರಿಗಳ ಡಿಸ್ಕುಗಳಿಗೆ ಅದು ಕಡ್ಡಾಯ. 1960ರ ದಶಕದ ಕಾರುಗಳು ಆ ಕಡ್ಡಾಯದ ಹೊರಗೆ ಉಳಿದಿವೆ. ಸಣ್ಣ ಫೌಂಡ್ರಿಗೆ ಇದು ಅನುಕೂಲವೆಂದು ತೋರಬಹುದು. ಆದರೆ ಮುದ್ರೆಯಿಲ್ಲದ ಮಾರುಕಟ್ಟೆಯಲ್ಲಿ ಕೆಟ್ಟ ಮಾಲೂ ಒಳ್ಳೆಯ ಮಾಲೂ ಒಂದೇ ಬಗೆಯ ಪೆಟ್ಟಿಗೆಯಲ್ಲಿ ಬರುತ್ತವೆ. ಲೋಹದ ದರ್ಜೆ, ಗಡಸುತನದ ಅಂಕಿ ಮತ್ತು ಎರಕದ ಬ್ಯಾಚ್ ಸಂಖ್ಯೆಗಳನ್ನು ತಾವಾಗಿಯೇ ನಮೂದಿಸಿ ಕಳುಹಿಸುವ ತಯಾರಕನನ್ನು ಅಲ್ಲಿನ ಸಗಟು ವ್ಯಾಪಾರಿ ಬೇಗ ಗುರುತಿಸುತ್ತಾನೆ.

ಪೆಟ್ಟಿಗೆಯೊಳಗೆ ಒಂದು ಸೂಚನಾಪತ್ರವೂ ಇರಲಿ: ತುಕ್ಕು ತಡೆಯಲು ಹಚ್ಚಿದ ಎಣ್ಣೆಯನ್ನು ಪೂರ್ಣವಾಗಿ ಒರೆಸಬೇಕು, ಎಡ ಬಲ ಎರಡೂ ಡಿಸ್ಕುಗಳನ್ನು ಹೊಸ ಪ್ಯಾಡುಗಳೊಡನೆ ಒಟ್ಟಿಗೆ ಬದಲಾಯಿಸಬೇಕು, ಮೊದಲ ಮುನ್ನೂರು ಕಿಲೋಮೀಟರು ಹಗುರವಾಗಿ ಬ್ರೇಕ್ ಒತ್ತಿ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಕೂಡಿಕೊಳ್ಳಲು ಬಿಡಬೇಕು.