ಊದಿದ್ರೆ ಶುಗರ್ ಗೊತ್ತಾಗುತ್ತಾ?

ಮಿನಿ ಪ್ರಾಜೆಕ್ಟ್‌ಗೆ ಐಡಿಯಾ ಹುಡುಕೋಕೆ ಕೂತರೆ ನಮಗೆಲ್ಲ ಒಂದಲ್ಲ ಒಂದು ಸಲ ಸಿಗೋದು ಇದು: ಒಂದು ಆರ್ಡುಯಿನೋ, ಒಂದು ಗ್ಯಾಸ್ ಸೆನ್ಸರ್, ಒಂದು ಎಲ್‌ಸಿಡಿ. ಸೆನ್ಸರ್ ಮೇಲೆ ಊದಿದರೆ ಶುಗರ್ ಎಷ್ಟಿದೆ ಅಂತ ತೋರಿಸುತ್ತೆ. ಸೂಜಿ ಬೇಡ, ರಕ್ತ ಬೇಡ. ಕೇಳೋಕೆ ಚೆನ್ನಾಗಿದೆ. ಆದರೆ ನಿಜಕ್ಕೂ ಆಗುತ್ತಾ?

ಉಸಿರಿನಿಂದ ಕಾಯಿಲೆ ಪತ್ತೆ ಮಾಡೋದು ಸುಳ್ಳಂತೂ ಅಲ್ಲ. ನಮ್ಮ ಶ್ವಾಸಕೋಶದಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ಇರೋದು ಬಹಳ ತೆಳುವಾದ ಪೊರೆ. ರಕ್ತದಲ್ಲಿರುವ, ಸುಲಭವಾಗಿ ಆವಿಯಾಗುವ ಅಣುಗಳು ಅದನ್ನು ದಾಟಿ ಉಸಿರಿಗೆ ಸೇರುತ್ತವೆ. ಟ್ರಾಫಿಕ್ ಪೊಲೀಸರು 'ಊದಿ' ಅಂದಾಗ ಅಳೆಯೋದು ಹೀಗೆ ಬಂದ ಆಲ್ಕೋಹಾಲನ್ನೇ. 1971ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಗ್ಯಾಸ್ ಕ್ರೊಮ್ಯಾಟೋಗ್ರಫಿಯಿಂದ ಉಸಿರಿನಲ್ಲಿ ಸುಮಾರು 250 ಸಂಯುಕ್ತಗಳನ್ನು ಕಂಡರು.

ಆಸ್ಪತ್ರೆಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ ಯೂರಿಯಾ ಬ್ರೆತ್ ಟೆಸ್ಟನ್ನೇ ನೋಡೋಣ. ಹೊಟ್ಟೆಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಹುಡುಕೋ ಪರೀಕ್ಷೆ ಇದು. ರೋಗಿಗೆ ಕಾರ್ಬನ್-13 ಇರುವ ಯೂರಿಯಾ ಕೊಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದರ ಯೂರಿಯೇಸ್ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ. ಆ ಕಾರ್ಬನ್ ಡೈಆಕ್ಸೈಡ್ ರಕ್ತ ಸೇರಿ ಉಸಿರಲ್ಲಿ ಹೊರಬರುತ್ತೆ. ಯೂರಿಯಾ ಕೊಡುವ ಮೊದಲಿನ ಉಸಿರನ್ನೂ ಆಮೇಲಿನ ಉಸಿರನ್ನೂ ಹೋಲಿಸಿದರಾಯಿತು. ಮನುಷ್ಯರ ಜೀವಕೋಶಗಳಲ್ಲಿ ಯೂರಿಯೇಸ್ ಇಲ್ಲ. ಹಾಗಾಗಿ ಅಳೆದ ಅಣು ಎಲ್ಲಿಂದ ಬಂತು ಅನ್ನೋದರಲ್ಲಿ ಗೊಂದಲ ಕಡಿಮೆ. ಇದರ ಬಲ ಇರೋದೇ ಇಲ್ಲಿ.

ಶುಗರ್ ವಿಷಯ ಹಾಗಲ್ಲ. ಗ್ಲೂಕೋಸ್ ಸುಲಭವಾಗಿ ಆವಿಯಾಗಲ್ಲ. ಅದಕ್ಕೇ ಈ ಪ್ರಾಜೆಕ್ಟ್‌ಗಳು ಅಸಿಟೋನ್ ಹಿಂದೆ ಬೀಳುತ್ತವೆ. ಇನ್ಸುಲಿನ್ ತೀರಾ ಕಡಿಮೆಯಾದರೆ ದೇಹ ಕೊಬ್ಬನ್ನು ಕರಗಿಸಿ ಕೀಟೋನ್ ಮಾಡುತ್ತೆ, ಅದರಲ್ಲಿ ಅಸಿಟೋನ್ ಉಸಿರಿಗೆ ಬರುತ್ತೆ. ಆದರೆ ಏಕಾದಶಿ ಅಂತ ಇಡೀ ದಿನ ಉಪವಾಸ ಇದ್ದವರಲ್ಲೂ ಅಸಿಟೋನ್ ಏರುತ್ತೆ! ಶುಗರ್ ಜಾಸ್ತಿ ಇದ್ದೂ ಅಸಿಟೋನ್ ಏರದ ರೋಗಿಗಳೂ ಇರುತ್ತಾರೆ. ಅಸಿಟೋನ್ ಹೇಳೋದು ಕೊಬ್ಬಿನ ಕಥೆ, ಶುಗರ್ ಲೆಕ್ಕ ಅಲ್ಲ.

ಇನ್ನು ಸೆನ್ಸರ್. ಅದರೊಳಗಿನ ಬಿಸಿ ಟಿನ್ ಆಕ್ಸೈಡ್ ಪದರದ ಮೇಲೆ ಅಂಟಿಕೊಂಡ ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟಿರುತ್ತೆ. ಅಸಿಟೋನ್ ಬಂದು ಆ ಆಕ್ಸಿಜನ್ ಜೊತೆ ವರ್ತಿಸಿದಾಗ ಎಲೆಕ್ಟ್ರಾನ್ ಬಿಡುಗಡೆಯಾಗಿ ರೆಸಿಸ್ಟೆನ್ಸ್ ಇಳಿಯುತ್ತೆ. ಕೈಗೆ ಹಚ್ಚಿಕೊಂಡ ಸ್ಯಾನಿಟೈಸರ್ ಆವಿಗೂ ಹಾಗೇ ಇಳಿಯುತ್ತೆ. ಉಸಿರಿನ ತೇವಕ್ಕೂ ರೀಡಿಂಗ್ ಬದಲಾಗುತ್ತೆ. ನಾವು ಹುಡುಕುತ್ತಿರೋದೋ, ಆರೋಗ್ಯವಂತರಲ್ಲಿ ಸುಮಾರು 1 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ಒಂದು ಅಣು! ಜೊತೆಗೆ, ಊದಿದಾಗ ಮೊದಲು ಬರುವ ಸುಮಾರು 150 ಮಿ.ಲೀ. ಗಾಳಿ ಗಂಟಲು, ಶ್ವಾಸನಾಳದ್ದು. ರಕ್ತದ ಸುದ್ದಿ ಅದರಲ್ಲಿ ಇರಲ್ಲ.

ಹಾಗಂತ ಪ್ರಾಜೆಕ್ಟ್ ಬಿಡಬೇಕಿಲ್ಲ. ಮೊದಲ ಗಾಳಿ ಬಿಟ್ಟು ಕೊನೆಯದನ್ನು ಹಿಡಿಯೋಣ, ತೇವ ಅಳೆಯೋ ಸೆನ್ಸರ್ ಸೇರಿಸೋಣ, ಕೋಣೆಯ ಗಾಳಿಯ ರೀಡಿಂಗನ್ನೂ ಬರೆದಿಡೋಣ. ಪರದೆ ಮೇಲೆ ಮಾತ್ರ 'ಶುಗರ್ 110' ಅಂತ ಬರೆಯೋದು ಬೇಡ. ಎಕ್ಸಿಬಿಷನ್‌ಗೆ ಬಂದ ಯಾರದೋ ಅಪ್ಪ ಅದನ್ನು ನಂಬಿ ಆ ದಿನದ ಮಾತ್ರೆ ಬಿಟ್ಟರೆ, ನಮ್ಮ ಮಾರ್ಕ್ಸ್ ಅವರನ್ನು ಕಾಪಾಡಲ್ಲ.